ಸಂಘದ ಸದಸ್ಯತ್ವ ಮತ್ತು ರಾಜಕೀಯ ಪ್ರವೇಶ: ದಾವಣಗೆರೆ–ಹರಿಹರಗಳ ನಿದರ್ಶನ

ಸಂಘಗಳಲ್ಲಿ ಸೇರಿದವನು ರಾಜಕೀಯದಲ್ಲಿಯೂ ಹೆಚ್ಚಾಗಿ ಪಾಲುಗೊಳ್ಳುವನೆಂಬುದು ಫ್ರೆಂಚ್ ಚಿಂತಕ ತೋಕ್ವಿಲ್‌ನ ಕಾಲದಿಂದ ಪ್ರಚಲಿತವಾಗಿರುವ ಅಭಿಪ್ರಾಯ. ದಾವಣಗೆರೆಯ ಇತಿಹಾಸವನ್ನು ಪರಿಶೀಲಿಸಿದರೆ ಇದಕ್ಕೊಂದು ತಿದ್ದುಪಡಿ ಅಗತ್ಯವೆನಿಸುತ್ತದೆ. ಸದಸ್ಯತ್ವಕ್ಕಿಂತಲೂ, ಸಂಘದೊಳಗೆ ಸದಸ್ಯನಿಗೆ ದೊರೆತ ಕೆಲಸವೇನೆಂಬುದು ಇಲ್ಲಿ ಮುಖ್ಯ.

ಹತ್ತಿಯ ವ್ಯಾಪಾರದಿಂದ ಬೆಳೆದ ಈ ಪಟ್ಟಣದಲ್ಲಿ ಬಟ್ಟೆ ಗಿರಣಿಗಳು ತಲೆಯೆತ್ತಿದಾಗ ಕಾರ್ಮಿಕ ಸಂಘಗಳೂ ಹುಟ್ಟಿದವು. ಬ್ರಿಟಿಷ್ ಇಂಡಿಯದ ೧೯೨೬ರ ಕಾರ್ಮಿಕ ಸಂಘಗಳ ಕಾಯಿದೆಯು ಮೈಸೂರು ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಗಣರಾಜ್ಯ ಸ್ಥಾಪನೆಯ ಅನಂತರವೇ ಅದು ಇಲ್ಲಿಗೆ ಬಂದಿತು. ೨೦೨೫ರವರೆಗೆ ಜಾರಿಯಲ್ಲಿದ್ದ ಈ ಕಾಯಿದೆಯ ಎರಡು ಅಂಶಗಳು ಗಮನಾರ್ಹ. ಸಂಘದ ಲೆಕ್ಕಪುಸ್ತಕಗಳನ್ನು ನೋಡುವ ಹಕ್ಕು ಸಾಮಾನ್ಯ ಸದಸ್ಯನಿಗೂ ಇತ್ತು. ರಾಜಕೀಯ ಕಾರ್ಯಕ್ಕಾಗಿ ಪ್ರತ್ಯೇಕ ನಿಧಿಯನ್ನಿಡಬಹುದಾಗಿತ್ತು. ಆದರೆ ಅದಕ್ಕೆ ವಂತಿಗೆ ಕೊಡಬೇಕೆಂದು ಯಾರನ್ನೂ ಬಲಾತ್ಕರಿಸುವಂತಿರಲಿಲ್ಲ. ಅಂದರೆ ಸಂಘಕ್ಕೆ ಸೇರಿದ ಮಾತ್ರಕ್ಕೆ ಪಕ್ಷಕ್ಕೆ ಸೇರಿದಂತಾಗದೆಂಬುದನ್ನು ಕಾನೂನೇ ಒಪ್ಪಿತ್ತು.

ಹೀಗಿದ್ದರೂ ಕಾರ್ಮಿಕ ನಾಯಕ ಪಂಪಾಪತಿಯವರು ಭಾರತ ಕಮ್ಯೂನಿಸ್ಟ್ ಪಕ್ಷದ ಅಭ್ಯರ್ಥಿಯಾಗಿ ೧೯೭೮, ೧೯೮೩ ಮತ್ತು ೧೯೮೫ರಲ್ಲಿ ದಾವಣಗೆರೆಯಿಂದ ವಿಧಾನಸಭೆಗೆ ಆಯ್ಕೆಯಾದರು. ಈ ಅವಧಿಯಲ್ಲಿ ರಾಜ್ಯದ ಅಧಿಕಾರ ಕಾಂಗ್ರೆಸ್ಸಿನಿಂದ ಜನತಾ ಪಕ್ಷಕ್ಕೆ ಹೋಯಿತು. ಈ ಸ್ಥಾನ ಕದಲಲಿಲ್ಲ. ಪಕ್ಷಗಳ ಹೊಂದಾಣಿಕೆಯನ್ನು ಅಲ್ಲಗಳೆಯಬೇಕಾಗಿಲ್ಲ, ಆದರೆ ಅದೊಂದೇ ಮೂರು ಗೆಲುವುಗಳನ್ನು ವಿವರಿಸಲಾರದು. ಚಂದಾ ಎತ್ತುವುದು, ಸಭೆ ಕರೆಯುವುದು, ಆಡಳಿತವರ್ಗದೆದುರು ಕುಳಿತು ವಾದಿಸುವುದು ಇವುಗಳನ್ನು ಕಲಿತವನಿಗೆ ಚುನಾವಣೆಯ ಕೆಲಸ ಹೊಸದೇನಲ್ಲ.

ಅದೇ ಊರಿನಲ್ಲಿ ಇನ್ನೊಂದು ಬಗೆಯ ಸಂಸ್ಥೆಗಳಿದ್ದವು. ಸ್ಕೌಟ್ ಚಳವಳಿಯಲ್ಲಿ ಹೆಸರಾದ ಕೊಂಡಜ್ಜಿ ಬಸಪ್ಪನವರು ೧೯೭೭ರಲ್ಲಿ ಲೋಕಸಭೆಗೆ ಹೋದರು. ೧೯೫೮ರಲ್ಲಿ ಸ್ಥಾಪಿತವಾದ ಬಾಪೂಜಿ ವಿದ್ಯಾಸಂಸ್ಥೆಯ ಕಾರ್ಯದರ್ಶಿಯಾಗಿ ದೀರ್ಘಕಾಲ ದುಡಿದ ಶಾಮನೂರು ಶಿವಶಂಕರಪ್ಪನವರು ೧೯೯೪ರಲ್ಲಿ ಕಾಂಗ್ರೆಸ್ಸಿನಿಂದ ವಿಧಾನಸಭೆಗೆ ಗೆದ್ದರು. ಇಂಥ ಸಂಸ್ಥೆಗಳ ಲೋಕೋಪಕಾರ ನಿರ್ವಿವಾದ. ಆದರೆ ಮಗನನ್ನು ಕಾಲೇಜಿಗೆ ಸೇರಿಸಿದ ತಂದೆ ಸಂಸ್ಥೆಯ ಸದಸ್ಯನಲ್ಲ, ಫಲಾನುಭವಿ. ಅವನು ಮತ ನೀಡಿಯಾನು. ಸಭೆಯಲ್ಲಿ ಎದ್ದು ಲೆಕ್ಕ ಕೇಳಲಾರನು. ಒಂದೆಡೆ ಸದಸ್ಯನೇ ರಾಜಕೀಯಕ್ಕೆ ಬಂದರೆ, ಇನ್ನೊಂದೆಡೆ ನಾಯಕನು ಮಾತ್ರ ಬರುತ್ತಾನೆ. ಗಿರಣಿಗಳು ಕ್ಷೀಣಿಸಿದಾಗ ದಾವಣಗೆರೆ ಕೂಲಿಯೊಡನೆ ಈ ಮೊದಲ ದಾರಿಯನ್ನೂ ಕಳೆದುಕೊಂಡಿತೆಂದು ನಮ್ಮ ಅಭಿಪ್ರಾಯ.

ನೆರೆಯ ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆಯೂ ಈಗ ಇಲ್ಲ. ಆದರೆ ಆ ಪ್ರದೇಶವು ಮೂರನೆಯ ದಾರಿಯೊಂದನ್ನು ತೋರಿಸಿತು. ಹೆಸರಿನಲ್ಲಿ ಮಾತ್ರ ಹರಿಹರದ್ದಾದ ಪಾಲಿಫೈಬರ್ಸ್ ಕಾರ್ಖಾನೆಯಿರುವುದು ತುಂಗಭದ್ರೆಯ ಆಚೆ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ. ಅದರ ಕಲ್ಮಷ ನದಿಗೆ ಸೇರಿದಾಗ ಕೆಳಹರಿವಿನ ಹಳ್ಳಿಗರು ಸಂಘಟಿತರಾದರು. ಸರ್ಕಾರದ ಅರಣ್ಯ ನಿಗಮವೂ ಈ ಕಾರ್ಖಾನೆಯೂ ಕೂಡಿ ೧೯೮೪ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಹುಟ್ಟಿಸಿ, ಊರೊಟ್ಟಿನ ಭೂಮಿಯಲ್ಲಿ ನೀಲಗಿರಿ ಬೆಳೆಸತೊಡಗಿದಾಗ ವಿರೋಧ ಹಬ್ಬಿತು. ಸಮಾಜ ಪರಿವರ್ತನ ಸಮುದಾಯವೂ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ೧೯೮೭ರ ನವೆಂಬರ್ ೧೪ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಸತ್ಯಾಗ್ರಹಿಗಳು ನೀಲಗಿರಿ ಸಸಿಗಳನ್ನು ಕಿತ್ತು, ಜನೋಪಯೋಗಿ ಸಸಿಗಳನ್ನು ನೆಟ್ಟರು. ಅದೇ ವರ್ಷ ಚುನಾಯಿತವಾಗಿದ್ದ ಮಂಡಲ ಪಂಚಾಯತಿಗಳು ಕಂಪನಿಯ ವಿರುದ್ಧ ನಿರ್ಣಯಗಳನ್ನು ಅಂಗೀಕರಿಸಿದವು. ೧೯೯೧ರಲ್ಲಿ ಸರ್ಕಾರವು ಆ ಕಂಪನಿಯನ್ನು ಮುಚ್ಚಿತು.