ಐಸೆನ್‌ಹೈಮ್ ಮಠದ ಶಿಲುಬೆಯ ಚಿತ್ರ

ಯೇಸುಕ್ರಿಸ್ತನ ಶಿಲುಬೆಯ ಮರಣವನ್ನು ಯುರೋಪಿನ ಕಲಾವಿದರು ಅಸಂಖ್ಯ ಬಾರಿ ಚಿತ್ರಿಸಿದ್ದಾರೆ. ಇಟಲಿಯ ಅನೇಕ ಚಿತ್ರಗಳಲ್ಲಿ ಆ ಮುಖ ಶಾಂತ, ದೇಹ ಸುಂದರ. ಜರ್ಮನಿಯ ಮಾಥಿಯಾಸ್ ಗ್ರೂನೆವಾಲ್ಡನು 1512ರಿಂದ 1516ರ ನಡುವೆ ರಚಿಸಿದ ಚಿತ್ರ ಹಾಗಲ್ಲ. ಗಾಥಿಕ್ ಕಲೆಯ ಕೊನೆಗಾಲಕ್ಕೆ ಸೇರಿದ ಈ ಕೃತಿಯಲ್ಲಿ ಯೇಸುವಿನ ಮೈತುಂಬ ಮುಳ್ಳು ನೆಟ್ಟ ವ್ರಣಗಳಿವೆ. ಚರ್ಮ ಹಸಿರು ತಿರುಗಿದೆ, ತುಟಿ ನೀಲಿಗಟ್ಟಿದೆ, ಮೊಳೆಗಳ ಸುತ್ತ ಬೆರಳುಗಳು ಸೆಟೆದು ನಿಂತಿವೆ. ದೇಹದ ಭಾರಕ್ಕೆ ಅಡ್ಡಮರವೇ ಬಾಗಿದೆ. ಹಿಂದೆಲ್ಲ ಕಗ್ಗತ್ತಲೆ.

ಇಷ್ಟಲಿಂಗನಿಷ್ಠರಾದ ನಮಗೆ, ಪೂಜಾಸ್ಥಾನದಲ್ಲಿ ಇಂಥ ಕೊಳೆತ ಮೈಯನ್ನು ಇರಿಸುವುದು ಅನುಚಿತವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ಆ ಚಿತ್ರ ಯಾರ ಕಣ್ಣಿಗಾಗಿ ಸಿದ್ಧವಾಯಿತೆಂಬುದನ್ನು ಅರಿಯದೆ ತೀರ್ಪು ಕೊಡಲಾಗದು.

ಇಂದು ಫ್ರಾನ್ಸ್ ದೇಶಕ್ಕೆ ಸೇರಿರುವ ಆಲ್ಸೇಸ್ ಪ್ರಾಂತದ ಐಸೆನ್‌ಹೈಮ್‌ನಲ್ಲಿ ಸಂತ ಅಂತೋನಿಯ ಹೆಸರಿನ ಸಂನ್ಯಾಸಿಗಳ ಮಠವೊಂದಿತ್ತು. 11ನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಆ ಪಂಗಡದ ಮುಖ್ಯ ಕಾಯಕವೇ ರೋಗಿಗಳ ಸೇವೆ. 'ಅಂತೋನಿಯ ಬೆಂಕಿ' ಎಂದು ಜನ ಕರೆಯುತ್ತಿದ್ದ ರೋಗದಲ್ಲಿ ಕೈಕಾಲುಗಳು ಸುಟ್ಟಂತೆ ಉರಿದು, ಕಪ್ಪಾಗಿ, ಕೊಳೆತು ಉದುರುತ್ತಿದ್ದವು. ಗೋಧಿಯನ್ನು ಹೋಲುವ ರೈ ಎಂಬ ಧಾನ್ಯದ ತೆನೆಗೆ ಹತ್ತುವ ಒಂದು ಶಿಲೀಂಧ್ರ ಅದಕ್ಕೆ ಕಾರಣ. ಅದರ ವಿಷ ರಕ್ತನಾಳಗಳನ್ನು ಬಿಗಿಯುತ್ತದೆ. ರೈ ರೊಟ್ಟಿ ಬಡವರ ಆಹಾರ. ಹಸಿದವನ ಅನ್ನವೇ ಅವನನ್ನು ಸುಟ್ಟಿತು. ಮೂಲ ಧಾನ್ಯದಲ್ಲಿದೆಯೆಂದು ವಿದ್ವಾಂಸರು ನಿರೂಪಿಸಿದ್ದು 17ನೆಯ ಶತಮಾನದಲ್ಲಿ. ಅದಕ್ಕೂ ಬಹಳ ಮೊದಲೇ ಈ ಸಂನ್ಯಾಸಿಗಳು ರೋಗಿಗಳಿಗೆ ಒಳ್ಳೆಯ ಗೋಧಿರೊಟ್ಟಿಯನ್ನು ನೀಡುತ್ತಿದ್ದರು, ಲೇಪ ಹಚ್ಚುತ್ತಿದ್ದರು, ಕೊಳೆತ ಅಂಗಗಳನ್ನು ಕತ್ತರಿಸಿಸುತ್ತಿದ್ದರು. ದಾಸೋಹವೆಂಬ ನಮ್ಮ ಮಾತು ಆ ಅನ್ನದಾನಕ್ಕೆ ಸಲ್ಲದೆ ಹೋಗದು.

ಚಿಕಿತ್ಸೆಗೆ ಬಂದವರನ್ನು ಮೊದಲು ಈ ಚಿತ್ರದ ಮುಂದೆ ಕರೆತರುತ್ತಿದ್ದರೆಂದು ಕಲಾಚರಿತ್ರಕಾರರು ಹೇಳುತ್ತಾರೆ. ನೆಟ್ಟ ಮುಳ್ಳುಗಳನ್ನು ನೋಡಿದರೆ ಚಿತ್ರದ ಗಾಯಗಳು ದಂಡನೆಯ ಏಟಿನವೇ. ಆದರೂ ಆ ರೋಗಿ ಅಲ್ಲಿ ತನ್ನ ಮೈಯನ್ನೇ ಕಂಡಿರಬೇಕು. ತನ್ನನ್ನು ಕಂಡು ಊರು ಮುಖ ತಿರುಗಿಸಿದ್ದರೂ ತನ್ನ ದೇವರು ಈ ಚರ್ಮವನ್ನೇ ಹೊತ್ತನೆಂಬ ಅರಿವು ಅವನಿಗೆ ಸಣ್ಣದಲ್ಲ. ಈ ಚಿತ್ರವನ್ನು ವಿಕಾರವೆನ್ನುವವರು ಆರೋಗ್ಯವಂತರೇ ಇರಬೇಕು.

ಶಿಲುಬೆಯ ಎಡಬದಿಯಲ್ಲಿ ಮೂರ್ಛೆಹೋದ ತಾಯಿ ಮರಿಯಾ, ಕೈ ಹಿಸುಕಿ ಮೊಣಕಾಲೂರಿದ ಮಗ್ದಲದ ಮರಿಯಾ. ಬಲಬದಿಯಲ್ಲಿ ಸ್ನಾನಿಕ ಯೋಹಾನ. ಯೇಸುವಿಗಿಂತ ಮೊದಲೇ ತೀರಿಕೊಂಡಿದ್ದ ಯೋಹಾನನನ್ನು ಚಿತ್ರಕಾರನು ಬೇಕೆಂದೇ ಅಲ್ಲಿ ನಿಲ್ಲಿಸಿದ್ದಾನೆ. ಅವನ ನೀಳವಾದ ತೋರುಬೆರಳು ಶಿಲುಬೆಯತ್ತ ಚಾಚಿದೆ.

ಇದು ಬಾಗಿಲುಗಳಂತೆ ತೆರೆಯುವ ಪೀಠ. ಹಬ್ಬದ ದಿನಗಳಲ್ಲಿ ಶಿಲುಬೆಯ ಹಲಗೆಗಳು ಸರಿದು, ಒಳಗಿನಿಂದ ಪುನರುತ್ಥಾನದ ಯೇಸು ಕಾಣುತ್ತಿದ್ದನು: ವ್ರಣಗಳೆಲ್ಲ ಮಾಯವಾಗಿ, ಶಿಲುಬೆಯ ಗುರುತುಗಳಷ್ಟೇ ಉಳಿದು, ಮೈಯೆಲ್ಲ ಬೆಳಕು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಈ ಕೃತಿಯನ್ನು ಸಮೀಪದ ಕೋಲ್ಮಾರ್ ಪಟ್ಟಣಕ್ಕೆ ಸಾಗಿಸಿದರು. 1853ರಿಂದ ಅದು ಅಲ್ಲಿನ ಉಂಟರ್‌ಲಿಂಡನ್ ವಸ್ತುಸಂಗ್ರಹಾಲಯದಲ್ಲಿದೆ. 2022ರಲ್ಲಿ ಅದರ ಜೀರ್ಣೋದ್ಧಾರವೂ ಮುಗಿಯಿತು. ಅಲ್ಲಿ ಹಲಗೆಗಳನ್ನು ಬಿಡಿಸಿ ಬೇರೆ ಬೇರೆ ನಿಲ್ಲಿಸಿರುವುದರಿಂದ, ಇಂದಿನ ಪ್ರೇಕ್ಷಕನು ಎರಡನ್ನೂ ಒಂದೇ ದಿನ ನೋಡಬಹುದು. ಐಸೆನ್‌ಹೈಮಿನ ರೋಗಿ ಹಬ್ಬದವರೆಗೆ ಬದುಕಿರಬೇಕಾಗಿತ್ತು.