1800 ಕೊಂಡವರಿಗೆ 1150 ಕಂಡ ಕಾಲ

2002ರ ಆಸುಪಾಸಿನಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಂಡ ಕೆಲವರಿಗೆ ಮನೆಯಲ್ಲಿ ಒಂದು ಆಘಾತ ಕಾದಿರುತ್ತಿತ್ತು. ರಸೀದಿಯಲ್ಲಿ ಪ್ರೊಸೆಸರಿನ ಹೆಸರು ‘ಅಥ್ಲಾನ್ ಎಕ್ಸ್‌ಪಿ 1800+’. ಗುಂಡಿ ಒತ್ತಿದಾಗ ಕಪ್ಪು ಪರದೆಯ ಮೇಲೆ ಮೂಡುವುದು 1150 ಮೆಗಾಹರ್ಟ್ಸ್. ಅಂಗಡಿಯವ ಟೋಪಿ ಹಾಕಿದನೆ?

ಹಾಗೆ ಅನುಮಾನಿಸಿದವರು ಎಷ್ಟೋ ಸಲ ಅಂಗಡಿಯವನಿಗೆ ಅನ್ಯಾಯ ಮಾಡಿರಬೇಕು. ಪ್ರೊಸೆಸರಿಗೆ ಸ್ವಂತ ತಾಳವಿಲ್ಲ. ಮದರ್‌ಬೋರ್ಡ್ ಹಾಕುವ ತಾಳವನ್ನು ಅದು ಇಂತಿಷ್ಟು ಪಟ್ಟು ಹೆಚ್ಚಿಸಿಕೊಳ್ಳುತ್ತದೆ, ಅಷ್ಟೆ. 1800+ ಚಿಪ್ಪಿನ ಗುಣಕ ಹನ್ನೊಂದೂವರೆ. ಬೋರ್ಡು 133 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 13.3 ಕೋಟಿ ಮಿಡಿತ ಕೊಟ್ಟರೆ ವೇಗ 1533. ನೂರೇ ಕೊಟ್ಟರೆ 1150. ಯಾವ ಚಿಪ್ ಕೂರಿಸಿದರೂ ಯಂತ್ರ ಏಳಲಿ ಎಂಬ ಎಚ್ಚರಿಕೆಯಿಂದ ಅನೇಕ ಬೋರ್ಡುಗಳು ಆಗ ನೂರರಲ್ಲಿಯೇ ನಿಂತಿರುತ್ತಿದ್ದವು. ಒಂದು ಪುಟ್ಟ ಜಂಪರ್ ಸರಿಸಿದರೆ, ಇಲ್ಲವೇ ಬಯಾಸ್‌ನಲ್ಲಿ ಒಂದು ಸಾಲು ಬದಲಿಸಿದರೆ, ಕಳೆದುಹೋದ ಕಾಲುಭಾಗ ವೇಗ ಮರಳುತ್ತಿತ್ತು. ಕೆಲವು ವರ್ಷ ಸರಿಯಾಗಿ ಓಡಿದ ಯಂತ್ರ ಒಂದು ದಿನ ಇದ್ದಕ್ಕಿದ್ದಂತೆ 1150ಕ್ಕೆ ಇಳಿಯುವುದೂ ಉಂಟು. ಆಗ ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿಯನ್ನು ಸಂಶಯಿಸಬೇಕು. ಅದು ಸತ್ತರೆ ಬೋರ್ಡು ತನಗೆ ಹೇಳಿದ್ದನ್ನೆಲ್ಲ ಮರೆತು ಮತ್ತೆ ನೂರಕ್ಕೆ ಹೋಗಿ ಕೂರುತ್ತದೆ.

ಸರಿ, 1533 ಬಂತು. ಆದರೆ 1800 ಎಲ್ಲಿ? ಆ ಅಂಕಿ ಎಂದೂ ಮೆಗಾಹರ್ಟ್ಸ್ ಆಗಿರಲೇ ಇಲ್ಲ.

1981ರ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಅಲ್ಲಿಂದ ಇಪ್ಪತ್ತು ವರ್ಷ ಗಿರಾಕಿಗಳು ಕಂಪ್ಯೂಟರನ್ನು ಅಳೆದದ್ದು ಈ ಒಂದೇ ಸೇರಿನಲ್ಲಿ. ಡಬ್ಬದ ಮುಂದೆ ‘ಟರ್ಬೊ’ ಗುಂಡಿಯ ಪಕ್ಕದಲ್ಲಿ ಕೆಂಪಗೋ ಹಸಿರಾಗೋ ಬೆಳಗುತ್ತಿದ್ದ ವೇಗದ ಅಂಕಿ ಹಲವರಿಗೆ ನೆನಪಿರಬಹುದು. ಸಾಮಾನ್ಯವಾಗಿ ಅದು ಏನನ್ನೂ ಅಳೆಯುತ್ತಿರಲಿಲ್ಲ. ಜೋಡಿಸಿದವನು ಒಳಗೆ ಹೊಂದಿಸಿಟ್ಟ ಅಂಕಿಯನ್ನೇ ತೋರಿಸುತ್ತಿತ್ತು! 1996ರಲ್ಲಿ ಸೈರಿಕ್ಸ್ ಕಂಪೆನಿ 150 ಮೆಗಾಹರ್ಟ್ಸಿನ ತನ್ನ ಚಿಪ್ಪಿಗೆ ‘ಪಿ200+’ ಎಂದು ಹೆಸರಿಟ್ಟಿತು. 200ರ ಪೆಂಟಿಯಂ ಮಾಡುವ ಕೆಲಸವನ್ನು ಇದೂ ಮಾಡುತ್ತದೆ ಎಂಬುದು ಅದರ ವಾದ.

2000ದ ಮಾರ್ಚ್ 6ರಂದು ಎಎಂಡಿ ಒಂದು ಗಿಗಾಹರ್ಟ್ಸ್ ಮುಟ್ಟಿತು. ಎರಡೇ ದಿನದಲ್ಲಿ ಇಂಟೆಲ್ ಕೂಡ. ಅದೇ ನವೆಂಬರಿನಲ್ಲಿ ಬಂದ ಪೆಂಟಿಯಂ 4ರ ವಿನ್ಯಾಸವೇ ಹೆಚ್ಚು ಮಿಡಿತದ್ದು, ಪ್ರತಿ ಮಿಡಿತಕ್ಕೆ ಕಡಿಮೆ ಕೆಲಸದ್ದು. ಚಿಕ್ಕ ಹೆಜ್ಜೆಯವನು ಬೇಗ ಬೇಗ ನಡೆದಂತೆ. ಹೆಜ್ಜೆ ಎಣಿಸುವ ಪೇಟೆಯಲ್ಲಿ ದೊಡ್ಡ ಹೆಜ್ಜೆಯ ಅಥ್ಲಾನಿಗೆ ಬೆಲೆ ಸಿಗುವುದು ಹೇಗೆ? 2001ರ ಅಕ್ಟೋಬರಿನಲ್ಲಿ ಎಎಂಡಿ ಸೈರಿಕ್ಸ್‌ನ ಹಾದಿಯನ್ನೇ ಹಿಡಿಯಿತು. ತನ್ನದೇ ಹಳೆಯ ಅಥ್ಲಾನಿನೊಂದಿಗೆ ಹೋಲಿಸಿ ಕೊಟ್ಟ ಅಂಕಿ ಎಂದು ಅದು ಹೇಳಿಕೊಂಡರೂ ಜನ ಓದಿದ್ದು ಪೆಂಟಿಯಂ 4ಕ್ಕೆ ಎದುರಾಗಿ. ಅವರು ಹಾಗೆ ಓದಲೆಂದೇ ಇಟ್ಟ ಹೆಸರು ಎಂದು ನನಗನ್ನಿಸುತ್ತದೆ.

ನಿಜವಾದ ಮೋಸ ಇರಲಿಲ್ಲವೆಂದಲ್ಲ. ತೊಂಬತ್ತರ ದಶಕದಲ್ಲಿ ಚಿಪ್ಪಿನ ಮೇಲಿನ ಬರಹ ಅಳಿಸಿ, ಹೆಚ್ಚಿನ ವೇಗದ ಅಂಕಿ ಅಚ್ಚೊತ್ತಿ ಮಾರುವ ದಂಧೆ ಇತ್ತು. ತಮಾಷೆಯೆಂದರೆ, ಬಲವಂತದ ತಾಳಕ್ಕೆ ಅಂಥ ಚಿಪ್ ಏದುಸಿರಿನಲ್ಲಿ ಓಡುವಾಗ ಪರದೆಯ ಮೇಲೆ ಬರುತ್ತಿದ್ದುದು ಸುಳ್ಳು ಹೇಳಿದಷ್ಟೇ ದೊಡ್ಡ ಅಂಕಿ. ಇಂಟೆಲ್ ಗುಣಕಕ್ಕೆ ಬೀಗ ಹಾಕಿದ ಮೇಲೆ ಈ ಕೈಚಳಕ ಕಷ್ಟವಾಯಿತು.

ಅಷ್ಟರಲ್ಲಿ ವೇಗ ಇಳಿಸುವುದೇ ಒಂದು ಸೌಲಭ್ಯವಾಗತೊಡಗಿತ್ತು. 2000ದ ಜನವರಿಯಲ್ಲಿ ಬಂದ ಇಂಟೆಲ್‌ನ ‘ಸ್ಪೀಡ್‌ಸ್ಟೆಪ್’ ಪೆಂಟಿಯಂ 3 ಲ್ಯಾಪ್‌ಟಾಪುಗಳು ಬ್ಯಾಟರಿಯಲ್ಲಿ ಓಡುವಾಗ 650ರಿಂದ 500ಕ್ಕೆ ಇಳಿಯುತ್ತಿದ್ದವು. ಮಿಡಿತ ಏರಿದಷ್ಟೂ ಬಿಸಿ ಏರಿ, 2004ರ ಅಕ್ಟೋಬರಿನಲ್ಲಿ ಇಂಟೆಲ್ 4 ಗಿಗಾಹರ್ಟ್ಸಿನ ಪೆಂಟಿಯಂ 4ರ ಯೋಜನೆಯನ್ನೇ ಕೈಬಿಟ್ಟಿತು. ಅದೇ ವರ್ಷ ಅದು ಕೂಡ ತನ್ನ ಚಿಪ್‌ಗಳಿಗೆ ಮೆಗಾಹರ್ಟ್ಸಿನ ಬದಲು ಮಾದರಿ ಸಂಖ್ಯೆಗಳನ್ನು ಕೊಡತೊಡಗಿತು.

ಇಂದಿನ ಪ್ರೊಸೆಸರ್ ಕೆಲಸವಿಲ್ಲದಾಗ ತಾನಾಗಿ ನಿಧಾನಿಸುತ್ತದೆ. ಅದರ ವೇಗ ನೋಡಬೇಕಾದರೆ ಒಂದು ಭಾರಿ ಕೆಲಸ ಹಚ್ಚಿ ನೋಡಬೇಕು. ಅಟ್ಟದ ಮೇಲೆ ಹಳೆಯ ಅಥ್ಲಾನ್ ಇದ್ದು, ಅದು 1150 ಎಂದರೆ ಮಾತ್ರ ಮೊದಲು ತಾರೀಖು ನೋಡಿ. ಅದರಲ್ಲಿ ಇಪ್ಪತ್ತು ವರ್ಷ ಹಿಂದಿನ ಇಸವಿ ಇದ್ದರೆ ಬೇಕಾದದ್ದು ಒಂದು ಹೊಸ ಬ್ಯಾಟರಿ, ಆಮೇಲೆ ಬಯಾಸ್‌ನಲ್ಲಿ ನೂರರ ಜಾಗಕ್ಕೆ 133.