ಷೇರು ಮಾರಿದ ದುಡ್ಡು ಈಗ ಯಾರ ಕೈಲಿದೆ?

📌 1/5

ಇವತ್ತು ಮೊಬೈಲ್‌ನಲ್ಲಿ ಷೇರು ಮಾರಿದ್ರೆ ನಾಳೆ ವ್ಯವಹಾರ ಚುಕ್ತಾ. ಇದರಲ್ಲೇನು ವಿಶೇಷ ಅನ್ನಿಸಬಹುದು. ಮನೆಯಲ್ಲಿ ಹಳೇ ಕಾಲದ ಹೂಡಿಕೆದಾರರು ಯಾರಾದ್ರೂ ಇದ್ರೆ ಕೇಳಿ ನೋಡಿ.

ಅವರ ಕಾಲದಲ್ಲಿ ಷೇರು ಅಂದ್ರೆ ಟ್ರಂಕಿನಲ್ಲಿಟ್ಟ ಕಾಗದ. ಮಾರಬೇಕಂದ್ರೆ ವರ್ಗಾವಣೆ ಫಾರಂಗೆ ಸಹಿ ಹಾಕಿ, ಷೇರುಪತ್ರದ ಜೊತೆ ಬ್ರೋಕರ್‌ಗೆ ಕೊಡಬೇಕು. ಕೊಂಡವರು ಅದನ್ನು ಕಂಪನಿಗೆ ಕಳಿಸಬೇಕು. ಸಹಿ ಸ್ವಲ್ಪ ಆಚೀಚೆ ಆದ್ರೂ ವಾಪಸ್! ಅಂಚೆಯಲ್ಲಿ ಕಳೆದದ್ದು, ಕದ್ದ ಪತ್ರ, ನಕಲಿ ಪತ್ರ, ಎಲ್ಲವೂ ಇತ್ತು. ಹೆಸರು ಬದಲಾಗೋಕೆ ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತಿದ್ದವು.

ಅಷ್ಟು ದಿನ ನಿಮ್ಮ ಆಸ್ತಿ ನಿಮ್ಮ ಹತ್ರ ಇಲ್ಲ, ದುಡ್ಡೂ ಬಂದಿಲ್ಲ. ಎರಡೂ ನಡುವಿನವರ ಕೈಲಿ. ನಮ್ಮ ಷೇರುಪೇಟೆಯ ದೊಡ್ಡ ದೊಡ್ಡ ಹಗರಣಗಳು ಹುಟ್ಟಿದ್ದು ಇಂಥ ಸಂದಿಯಲ್ಲೇ. ಕಳೆದ 30 ವರ್ಷದಲ್ಲಿ ಬಂದ ಎಷ್ಟೋ ನಿಯಮಗಳ ಹಿಂದೆ ಆ ಸಂದಿ ಮುಚ್ಚುವ ಪ್ರಯತ್ನ ಇದೆ. ಇವತ್ತಿನ ಸರಣಿ ಅದರ ಕಥೆ. ಮುಂದೆ ಓದಿ 👇

📌 2/5

ಮುಂಬೈಯಲ್ಲಿ ಬ್ರೋಕರ್‌ಗಳ ಸಂಘ ಕಟ್ಟಿದ್ದು 1875ರಲ್ಲಿ. ಆದ್ರೆ ಇಡೀ ದೇಶದ ಪೇಟೆ ನೋಡಿಕೊಳ್ಳೋ ಸೆಬಿ ಬಂದಿದ್ದು 1988ರಲ್ಲಿ. ಅದೂ ಮೊದಲ ನಾಲ್ಕು ವರ್ಷ ಹಲ್ಲು ಕಿತ್ತ ಹಾವು. ಕಾನೂನಿನ ಬಲ ಸಿಕ್ಕಿದ್ದು 1992ರಲ್ಲಿ.

ಅದೇ ವರ್ಷ ಏಪ್ರಿಲ್‌ನಲ್ಲಿ ಪತ್ರಕರ್ತೆ ಸುಚೇತಾ ದಲಾಲ್ ಅವರ ವರದಿಯಿಂದ ಹರ್ಷದ್ ಮೆಹ್ತಾ ಹಗರಣ ಬಯಲಾಯ್ತು. ಬ್ಯಾಂಕುಗಳು ತಮ್ಮತಮ್ಮಲ್ಲಿ ಸರ್ಕಾರಿ ಬಾಂಡ್ ಮಾರುವಾಗ, ಬಾಂಡ್ ಬದಲು ಒಂದು ರಸೀದಿ ಕೊಡುತ್ತಿದ್ದವು. ‘ದುಡ್ಡು ಸಿಕ್ಕಿದೆ, ಬಾಂಡ್ ಆಮೇಲೆ ಕೊಡ್ತೀವಿ’ ಅಂತ ಅದರ ಅರ್ಥ. ಆ ‘ಆಮೇಲೆ’ಯ ಸಂದಿಯಲ್ಲಿ ಬ್ಯಾಂಕಿನ ದುಡ್ಡು ದಲ್ಲಾಳಿಗಳ ಮೂಲಕ ಷೇರುಪೇಟೆಗೆ ಹರಿಯಿತು. ಎಷ್ಟೋ ರಸೀದಿಗಳ ಹಿಂದೆ ಬಾಂಡೇ ಇರಲಿಲ್ಲ. ಜಾನಕಿರಾಮನ್ ಸಮಿತಿ ಕಂಡುಕೊಂಡ ಮೊತ್ತ 4,000 ಕೋಟಿ ರೂಪಾಯಿ ದಾಟಿತ್ತು.

ಪೆಟ್ಟು ತಿಂದ ಮೇಲೆ ಬುದ್ಧಿ ಬಂತು. 1994ರಲ್ಲಿ ಎನ್‌ಎಸ್‌ಇಯ ಕಂಪ್ಯೂಟರ್ ವಹಿವಾಟು ಶುರು. 1996ರ ಡಿಪಾಸಿಟರಿ ಕಾಯ್ದೆಯಿಂದ ಟ್ರಂಕಿನ ಕಾಗದ ಡಿಮ್ಯಾಟ್ ಖಾತೆಗೆ ಬಂತು. ಊರೂರಿನ ಷೇರು ಕೇಂದ್ರಗಳಿಗೆ ಕೆಲಸ ಇಲ್ಲದಂತಾಯ್ತು. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿದ್ದ ಷೇರು ವಿನಿಮಯ ಕೇಂದ್ರವೂ 2014ರಲ್ಲಿ ಬಾಗಿಲು ಹಾಕಿತು.

📌 3/5

ಕಾಗದ ಹೋಯ್ತು ಸರಿ, ಸಂದಿ ಹೋಗಲಿಲ್ಲ. ‘ಬದ್ಲಾ’ ಅಂತ ಒಂದು ಪದ್ಧತಿ ಇತ್ತು. ಕೊಂಡ ಷೇರಿಗೆ ಪೂರ್ತಿ ದುಡ್ಡು ಕೊಡದೆ, ಬಡ್ಡಿ ಕಟ್ಟಿ ವ್ಯವಹಾರವನ್ನು ಮುಂದಿನ ಅವಧಿಗೆ ತಳ್ಳೋದು. ಸೆಬಿ 1993ರಲ್ಲಿ ನಿಲ್ಲಿಸಿತು, ಪೇಟೆಯ ಒತ್ತಾಯಕ್ಕೆ ಅದು ಬೇರೆ ರೂಪದಲ್ಲಿ ವಾಪಸ್ ಬಂತು. 2001ರಲ್ಲಿ ಕೇತನ್ ಪಾರೇಖ್ ಹಗರಣ. ಕೋಲ್ಕತ್ತದ ಪೇಟೆಯಲ್ಲಿ ಬ್ರೋಕರ್‌ಗಳು ದುಡ್ಡು ಕಟ್ಟಲಾಗದೆ ಕೈಚೆಲ್ಲಿದರು. ಆ ಜುಲೈನಲ್ಲಿ ಬದ್ಲಾಕ್ಕೆ ಕೊನೆಗೂ ಬೀಗ ಬಿತ್ತು.

ಜೊತೆಗೇ ಹೊಸ ಲೆಕ್ಕ ಶುರುವಾಯ್ತು. ವಹಿವಾಟಾದ ಐದನೇ ಕೆಲಸದ ದಿನಕ್ಕೆ ಚುಕ್ತಾ ಆಗಬೇಕು (ಟಿ+5). 2002ರಲ್ಲಿ ಅದು ಟಿ+3, 2003ರಲ್ಲಿ ಟಿ+2. 2023ರ ಜನವರಿ 27ರಿಂದ ಎಲ್ಲ ಷೇರಿಗೂ ಟಿ+1. ಅಮೆರಿಕ ಟಿ+1ಕ್ಕೆ ಬಂದಿದ್ದು 2024ರ ಮೇನಲ್ಲಿ, ನಮಗಿಂತ ಒಂದು ವರ್ಷ ಹಿಂದೆ! 2024ರ ಮಾರ್ಚ್‌ನಲ್ಲಿ 25 ಷೇರುಗಳಿಗೆ ಅದೇ ದಿನ ಚುಕ್ತಾ ಮಾಡೋ ಪ್ರಯೋಗವೂ ಶುರುವಾಯ್ತು.

📌 4/5

ದಿನ ಕಮ್ಮಿ ಆಯ್ತು, ಆದ್ರೆ ಬ್ರೋಕರ್ ಇನ್ನೂ ನಡುವೆ ಇದ್ದಾನಲ್ಲ?

2019ರ ನವೆಂಬರ್‌ನಲ್ಲಿ ಕಾರ್ವಿ ಸ್ಟಾಕ್ ಬ್ರೋಕಿಂಗ್ ಮೇಲೆ ಸೆಬಿ ಆದೇಶ ಬಂತು. ಗ್ರಾಹಕರು ಕೊಟ್ಟ ಅಧಿಕಾರಪತ್ರ ಬಳಸಿ, ಅವರ ಷೇರುಗಳನ್ನೇ ಅಡವಿಟ್ಟು ಸಂಸ್ಥೆ ಸಾಲ ಎತ್ತಿತ್ತು. ಡಿಮ್ಯಾಟ್‌ನಲ್ಲಿದೆ ಅಂತ ನೆಮ್ಮದಿಯಾಗಿದ್ದವರಿಗೆ ಗೊತ್ತೇ ಇಲ್ಲ.

ಮುಂದಿನ ನಿಯಮಗಳು ನೋಡಿ:
🔹 2020ರ ಸೆಪ್ಟೆಂಬರ್‌ನಿಂದ, ಮಾರ್ಜಿನ್‌ಗೆ ಷೇರು ಅಡವಿಡೋದು ನಿಮ್ಮದೇ ಡಿಮ್ಯಾಟ್ ಖಾತೆಯಲ್ಲಿ, ನಿಮ್ಮ ಒಟಿಪಿ ಒಪ್ಪಿಗೆಯಿಂದ.
🔹 2024ರ ಜನವರಿಯಿಂದ, ದುಡ್ಡು ನಿಮ್ಮ ಬ್ಯಾಂಕಿನಲ್ಲೇ ಇಟ್ಟು ಯುಪಿಐ ಮೂಲಕ ತಡೆಹಿಡಿದು ಷೇರು ಕೊಳ್ಳೋ ಸೌಲಭ್ಯ.
🔹 2024ರ ನವೆಂಬರ್‌ನಿಂದ, ಕೊಂಡ ಷೇರು ಬ್ರೋಕರ್ ಖಾತೆಗೆ ಹೋಗದೆ ನೇರ ನಿಮ್ಮ ಡಿಮ್ಯಾಟ್‌ಗೆ.

ಒಂದೊಂದು ನಿಯಮದಲ್ಲೂ ನಿಮ್ಮ ಆಸ್ತಿ ಮುಟ್ಟೋ ಕೈಗಳು ಕಮ್ಮಿ ಆಗ್ತಾ ಬಂದವು. ಆ ಒಟಿಪಿ ಕಿರಿಕಿರಿ ಅನ್ನಿಸಿದಾಗ ಕಾರ್ವಿ ಗ್ರಾಹಕರನ್ನು ನೆನಪಿಸಿಕೊಳ್ಳಿ.

📌 5/5

ಈಗ ಉಳಿದಿರೋದು ಒಂದೇ ಕೈ. ಅದು ನಿಮ್ಮದು.

ಬದ್ಲಾ ಹೋದ ಹೊತ್ತಿಗೇ, 2000-01ರಲ್ಲಿ, ಎಫ್ ಅಂಡ್ ಓ ಬಂತು. ಕೈಯಲ್ಲಿರೋ ದುಡ್ಡಿಗಿಂತ ದೊಡ್ಡ ಪಂದ್ಯ ಕಟ್ಟೋ ಆಸೆಗೆ ಹೊಸ ಬಾಗಿಲು. ಸೆಬಿಯ ಅಧ್ಯಯನ ಹೇಳೋ ಪ್ರಕಾರ, 2021-22ರಿಂದ ಮೂರು ವರ್ಷದಲ್ಲಿ ಇದರಲ್ಲಿ ಆಡಿದ 1 ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ 93% ಮಂದಿಗೆ ನಷ್ಟ. ಒಟ್ಟು ಕಳೆದುಕೊಂಡಿದ್ದು 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. 1992ರ 4,000 ಕೋಟಿಗೆ ಬೆಲೆಯೇರಿಕೆ ಸೇರಿಸಿದ್ರೂ ಇದೇ ದೊಡ್ಡದು. ಇದಕ್ಕೆ ನಕಲಿ ರಸೀದಿ ಬೇಕಾಗಲಿಲ್ಲ. ಅವರವರೇ ಬಟನ್ ಒತ್ತಿದ್ರು.

2024ರ ಅಕ್ಟೋಬರ್‌ನಲ್ಲಿ ಸೆಬಿ ಬಿಗಿ ಮಾಡಿತು. ಒಪ್ಪಂದದ ಕನಿಷ್ಠ ಗಾತ್ರ 5 ಲಕ್ಷದಿಂದ 15 ಲಕ್ಷಕ್ಕೆ ಏರಿತು. ವಾರದ ಎಕ್ಸ್‌ಪೈರಿ ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕ. ಆದ್ರೂ 2024-25ರಲ್ಲಿ 91% ಜನಕ್ಕೆ ನಷ್ಟವೇ. ಆ ಒಂದೇ ವರ್ಷದಲ್ಲಿ ಹೋಗಿದ್ದು 1.05 ಲಕ್ಷ ಕೋಟಿ.

ಇನ್ನೊಂದು ದೊಡ್ಡ ಬದಲಾವಣೆಯ ಪ್ರಸ್ತಾಪವೂ ಇದೆ. 1956, 1992, 1996ರ ಮೂರು ಕಾಯ್ದೆಗಳನ್ನು ಒಂದೇ ಮಾಡೋ ಮಸೂದೆ 2025ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದು, ಸ್ಥಾಯಿ ಸಮಿತಿಗೆ ಹೋಯ್ತು. ಕಾನೂನು ಸರಳ ಆದ್ರೆ ಒಳ್ಳೆಯದೇ. ಆದ್ರೆ ಬೇರೆಯವರು ನಿಮ್ಮ ದುಡ್ಡು ಮುಟ್ಟದ ಹಾಗೆ ತಡೆಯೋದು ಕಾನೂನಿಗೆ ಸಾಧ್ಯ. ನೀವೇ ಕಳೆಯದ ಹಾಗೆ ತಡೆಯೋದು ಅದಕ್ಕೆ ಕಷ್ಟ.

ಮುಂದಿನ ಎಕ್ಸ್‌ಪೈರಿ ದಿನ ಬಟನ್ ಒತ್ತೋ ಮುಂಚೆ 100ರಲ್ಲಿ 91 ಅನ್ನೋ ಸಂಖ್ಯೆ ನೆನಪಿರಲಿ 🙏

ನಿಮ್ಮ ಮನೆ ಟ್ರಂಕಿನಲ್ಲಿ ಹಳೇ ಷೇರುಪತ್ರ ಇದ್ಯಾ? ಯಾವ ಕಂಪನಿದು? ಕಾಮೆಂಟ್‌ನಲ್ಲಿ ಹೇಳಿ. ಹೊಸದಾಗಿ ಟ್ರೇಡಿಂಗ್ ಶುರು ಮಾಡಿರೋ ತಮ್ಮ, ತಂಗಿ, ಸ್ನೇಹಿತರಿಗೆ ಕಳಿಸಿ.

#ಷೇರುಪೇಟೆ #ಹಣದಇತಿಹಾಸ #ಸೆಬಿ #ಕನ್ನಡದಲ್ಲಿಹಣಕಾಸು